ಹಾಡಿನ ವಿಡಿಯೋಗೆ ಕಥೆ ಎಲ್ಲಿಂದ ಬರುತ್ತದೆ?

ನಾನು ಹಾಡುಗಳಿಗೆ ವಿಡಿಯೋ ಮಾಡುವವಳು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: "ಬರೀ ಹಾಡು ಕೊಟ್ಟರೆ ಕಥೆ ಹೇಗೆ ಹೊಳೆಯುತ್ತದೆ?" ಮದುವೆ ಮನೆಯಲ್ಲೂ ಕೇಳುತ್ತಾರೆ, ಕೆಲಸ ಕಲಿಯಲು ಬರುವ ಮಕ್ಕಳೂ ಕೇಳುತ್ತಾರೆ.

ಮೊದಮೊದಲು ನಾನು ಹಾಡಿನ ಸಾಹಿತ್ಯ ಓದಿ ಕಥೆ ಹುಡುಕುತ್ತಿದ್ದೆ. ಮಳೆ ಅಂತ ಬರೆದಿದ್ದರೆ ಮಳೆ, ದಾರಿ ಅಂತಿದ್ದರೆ ದಾರಿ. ಈಗ ಸಾಹಿತ್ಯವನ್ನು ಬದಿಗಿಟ್ಟು, ಹಾಡಿನಲ್ಲಿ ಏನೇನು ಮರಳಿ ಬರುತ್ತದೆ ಅಂತ ಕಿವಿಗೊಡುತ್ತೇನೆ. ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಇದನ್ನು ನಾನು ಕಲಿತದ್ದು ಫ್ರಾನ್ಸಿನ ಮಿಷೆಲ್ ಗೊಂಡ್ರಿ ಅವರ ಕೆಲಸ ನೋಡಿ. ಅವರು ಮೊದಲು ಡ್ರಮ್ಸ್ ಬಾರಿಸುತ್ತಿದ್ದವರು. ತಮ್ಮದೇ ಬ್ಯಾಂಡಿಗೆ ವಿಡಿಯೋ ಮಾಡುತ್ತಾ ಮಾಡುತ್ತಾ ನಿರ್ದೇಶಕರಾದರು. ಅವರ ತಾತ ಕಾನ್‌ಸ್ಟಂಟ್ ಮಾರ್ಟಿನ್ 1947ರಲ್ಲಿ ಕ್ಲಾವಿಯೊಲಿನ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯ ಕಂಡುಹಿಡಿದರು. 1954ರ ಹಿಂದಿ 'ನಾಗಿನ್' ಸಿನಿಮಾದ ಪುಂಗಿಯ ನಾದ ನೆನಪಿದೆ ಅಲ್ವಾ? ಅದು ಪುಂಗಿಯಲ್ಲ, ಇದೇ ಕ್ಲಾವಿಯೊಲಿನ್. ತಾತನ ವಾದ್ಯದಲ್ಲಿ ನಮ್ಮ ಹಾವು ಆಡಿತು. ಇದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

2002ರಲ್ಲಿ ಇಂಗ್ಲೆಂಡಿನ ಸಂಗೀತ ಜೋಡಿ ಕೆಮಿಕಲ್ ಬ್ರದರ್ಸ್ ಅವರ 'ಸ್ಟಾರ್ ಗಿಟಾರ್' ಹಾಡಿಗೆ ಗೊಂಡ್ರಿ ವಿಡಿಯೋ ಮಾಡಿದರು. ಅದರಲ್ಲಿರುವುದು ರೈಲಿನ ಕಿಟಕಿಯಿಂದ ಕಾಣುವ ನೋಟ, ಅಷ್ಟೇ. ಹಾಡುವವರಿಲ್ಲ, ಕುಣಿಯುವವರಿಲ್ಲ. ಕಂಬ, ಮನೆ, ಸೇತುವೆ, ಕಾರ್ಖಾನೆ ಹಿಂದಕ್ಕೆ ಓಡುತ್ತವೆ. ಸುಮ್ನೆ ನೋಡುತ್ತಾ ಕೂತಿದ್ದೆ. ಇದ್ದಕ್ಕಿದ್ದಂತೆ ಮೈ ಜುಮ್ಮೆಂದಿತು. ತಾಳದ ಒಂದೊಂದು ಪೆಟ್ಟಿಗೂ ಒಂದೊಂದು ವಸ್ತು ಹಾದುಹೋಗುತ್ತಿದೆ! ಆ ಸದ್ದು ಮತ್ತೆ ಬಂದರೆ ಆ ವಸ್ತುವೂ ಮತ್ತೆ ಬರುತ್ತದೆ. ಕಿವಿಯ ಕೆಲಸವನ್ನು ಕಣ್ಣು ಮಾಡುತ್ತಿದೆ. ಫ್ರಾನ್ಸಿನ ನೀಮ್ ಮತ್ತು ವಲಾನ್ಸ್ ಊರುಗಳ ನಡುವಿನ ರೈಲು ದಾರಿಯನ್ನು ದಿನದ ಬೇರೆ ಬೇರೆ ಬೆಳಕಿನಲ್ಲಿ ಹತ್ತು ಸಲ ಚಿತ್ರೀಕರಿಸಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಹೆಣೆದ ಕೆಲಸ ಅದು. ಆದರೆ ಯಾವ ಸದ್ದಿಗೆ ಯಾವ ವಸ್ತು ಅಂತ ಲೆಕ್ಕ ಹಾಕಿದ್ದು ಹೇಗೆ ಗೊತ್ತಾ? ಕಿತ್ತಳೆ ಹಣ್ಣು, ಫೋರ್ಕು, ಗ್ಲಾಸು, ಪುಸ್ತಕ ಸಾಲಾಗಿ ಇಟ್ಟು. ಒಂದು ಸದ್ದಿಗೆ ಕಿತ್ತಳೆ, ಇನ್ನೊಂದಕ್ಕೆ ಫೋರ್ಕು.

ಅದೇ ವರ್ಷ ಆಸ್ಟ್ರೇಲಿಯಾದ ಗಾಯಕಿ ಕೈಲಿ ಮಿನೋಗ್ ಅವರ ಹಾಡೊಂದಕ್ಕೆ ಗೊಂಡ್ರಿ ಮಾಡಿದ್ದು ಇನ್ನೂ ಸೊಗಸು. ಪ್ಯಾರಿಸ್ ಪಕ್ಕದ ಒಂದು ಸರ್ಕಲ್ಲಿನಲ್ಲಿ ಆಕೆ ಹಾಡುತ್ತಾ ಒಂದು ಸುತ್ತು ಬರುತ್ತಾರೆ. ಎರಡನೇ ಸುತ್ತಿನಲ್ಲಿ ಇಬ್ಬರು ಮಿನೋಗ್, ಮೂರನೆಯದರಲ್ಲಿ ಮೂವರು, ನಾಲ್ಕನೆಯದರಲ್ಲಿ ನಾಲ್ವರು. ದಾರಿಹೋಕರೂ ಹಾಗೇ ಜಾಸ್ತಿಯಾಗುತ್ತಾರೆ. ಕ್ಯಾಮೆರಾ ಪ್ರತಿ ಸಲವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಅದೇ ದಾರಿಯಲ್ಲಿ ತಿರುಗಬೇಕು. ಅದಕ್ಕೆ ಯಂತ್ರವೇ ನಡೆಸುವ ಮೋಷನ್ ಕಂಟ್ರೋಲ್ ಕ್ಯಾಮೆರಾ ಬಳಸಿದ್ದರು. ಪಲ್ಲವಿ ಮರಳಿದಾಗ ಹಿಂದಿನ ಸಲದ ನೆನಪನ್ನೂ ಹೊತ್ತು ತರುತ್ತದಲ್ಲ, ಅದನ್ನೇ ಅವರು ಬೀದಿಯಲ್ಲಿ ನಿಲ್ಲಿಸಿ ತೋರಿಸಿದ್ದಾರೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಥೆ ಬೇಕಿಲ್ಲ.

ಹಾಗಂತ ಪ್ರತಿ ಪೆಟ್ಟಿಗೂ ಒಂದು ಕಟ್ ಹಾಕಿ ದೃಶ್ಯ ಬದಲಿಸಬೇಕು ಅಂತಲ್ಲ. ಅದು ಬೇಗ ಸುಸ್ತು ಮಾಡುತ್ತದೆ. ಹಾಡಿನಲ್ಲಿ ಯಾವುದು ನಿಂತಿದೆ, ಯಾವುದು ಬದಲಾಗಿದೆ ಅಂತ ಮೊದಲು ತಿಳಿಯಬೇಕು.

ಕಳೆದ ತಿಂಗಳು ಒಬ್ಬ ಹುಡುಗಿ ಇದೇ ಪ್ರಶ್ನೆ ಹಿಡಿದು ಬಂದಳು. ಜೊತೆಗೆ ಗೆಳೆಯರು ಕಟ್ಟಿದ ಹಾಡೊಂದಿತ್ತು. ಅಡುಗೆಮನೆಯಿಂದ ಲೋಟ, ಬಟ್ಟಲು, ಒಂದು ಹಿಡಿ ಹುಣಸೆ ಬೀಜ ತಂದು ಅವಳ ಮುಂದಿಟ್ಟೆ. ಬೀಜ ತಬಲಾಕ್ಕೆ, ಲೋಟ ಗಿಟಾರಿಗೆ, ಬಟ್ಟಲು ಪಲ್ಲವಿಗೆ. ಅರ್ಧ ಗಂಟೆ ಜೋಡಿಸಿದಳು. ಮೂರನೇ ಬಟ್ಟಲು ಇಟ್ಟವಳು ಅದರ ಪಕ್ಕದ ಬೀಜಗಳನ್ನು ಒಂದೊಂದಾಗಿ ತೆಗೆದುಬಿಟ್ಟಳು.

"ಮೇಡಂ, ಇಲ್ಲಿ ತಬಲಾನೇ ಇಲ್ಲ," ಅಂದಳು. ಅಷ್ಟು ಸಲ ಕೇಳಿದ ಹಾಡು, ಅವಳಿಗೆ ಗೊತ್ತೇ ಇರಲಿಲ್ಲ. "ಈ ಜಾಗದಲ್ಲಿ ಹಾಡುವವಳು ಒಬ್ಬಳೇ ಆಗ್ತಾಳೆ ಅಲ್ವಾ?"