ಎರಡೇ ಚೌಕ

ಹಾಸ್ಟೆಲ್ ಸಿಬ್ಬಂದಿಯ ಫೈಲ್‌ಗಳನ್ನು ನನ್ನಷ್ಟು ಚೊಕ್ಕವಾಗಿ ಇಡುವವರು ದಾವಣಗೆರೆಯಲ್ಲೇ ಇಲ್ಲ ಅನ್ನೋ ಜಂಬ ನನಗಿತ್ತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯೋ ಪೋಕ್ಸೊ ಕಾಯ್ದೆಯ 2020ರ ನಿಯಮ ಬಂದ ಮೇಲಂತೂ ಅಡುಗೆಯವರು, ವ್ಯಾನ್ ಡ್ರೈವರ್, ಗುತ್ತಿಗೆ ಮೇಲೆ ಕಸ ಹೊಡೆಯುವವರು, ಯಾರನ್ನೂ ಪೊಲೀಸ್ ವೆರಿಫಿಕೇಶನ್ ಇಲ್ಲದೆ ಗೇಟಿನೊಳಗೆ ಬಿಟ್ಟವನಲ್ಲ.

ವಾರ್ಡನ್ ಮೇಡಂ ಅವರ ವೆರಿಫಿಕೇಶನ್ ಅರ್ಜಿ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಿಂದ ಎರಡು ಸಲ ವಾಪಸ್ ಬಂತು. ಅವರ ಊರು ಹರಪನಹಳ್ಳಿ ಕಡೆ. ಆಧಾರ್‌ನಲ್ಲಿ ಇನ್ನೂ ದಾವಣಗೆರೆ ಜಿಲ್ಲೆ. ತಾಲ್ಲೂಕು ಮಾತ್ರ 2018ರಲ್ಲಿ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರಕ್ಕೆ ಸೇರಿಯಾಗಿತ್ತು. ಮೂರನೇ ಸಲ ಸರ್ಟಿಫಿಕೇಟ್ ಕೈಗೆ ಬಂದಾಗ ಆಫೀಸಿಗೆಲ್ಲ ಮಂಡಕ್ಕಿ ಮಿರ್ಚಿ ತರಿಸಿದ್ದೆ.

ಮೇಡಂ ಮೊದಲು ಕೆಲಸ ಮಾಡಿದ ಕಡೆಗೂ ಫೋನ್ ಹಚ್ಚಿ ವಿಚಾರಿಸಿದ್ದೆ. ಅಲ್ಲಿನವರು ಹೇಳಿದ್ದು ಇಷ್ಟು: "ಬಾಳ ಒಳ್ಳೆ ಹೆಣ್ಮಗಳು ಸಾರ್. ಆದ್ರೆ ರಾತ್ರಿ ಒಬ್ಬರನ್ನೇ ಬಿಡಬ್ಯಾಡ್ರಿ. ನಿದ್ದೆಗೆಟ್ರೆ ಅವರ ಕೈಲಿ ಆಗಲ್ಲ." ನಮ್ಮ ಫಾರ್ಮಿನಲ್ಲಿ ಇರೋದು ಎರಡೇ ಚೌಕ. ತೃಪ್ತಿಕರ, ತೃಪ್ತಿಕರವಲ್ಲ. ಮೊದಲನೆಯದಕ್ಕೆ ಟಿಕ್ ಹಾಕಿ ಪಂಚ್ ಮಾಡಿ ಫೈಲಿಗೆ ಸೇರಿಸಿದೆ.

ಮುಂದೆ ಇನ್ನೊಬ್ಬ ವಾರ್ಡನ್ ಹೆರಿಗೆ ರಜೆಗೆ ಹೋದರು. ಬದಲಿಗೆ ಜನ ಕೇಳಿದರೆ ಆಡಳಿತ ಮಂಡಳಿಯವರದ್ದು ಗೊತ್ತಲ್ಲ, "ಅಡ್ಜಸ್ಟ್ ಮಾಡ್ರಿ." ಮೇಡಂ ಎರಡು ಸಲ ನನ್ನ ಟೇಬಲ್ ಮುಂದೆ ಬಂದು ನಿಂತು "ಆಗ್ತಿಲ್ಲ ಸಾರ್" ಅಂದಿದ್ದರು. "ಬದಲಿ ಯಾರನ್ನಾದ್ರೂ ಒಪ್ಪಿಸಿ ರಜೆ ಅರ್ಜಿ ಕೊಡ್ರಿ" ಅಂದಿದ್ದೆ, ಕಂಪ್ಯೂಟರ್‌ನಿಂದ ತಲೆ ಎತ್ತದೆ.

ಅವತ್ತು ರಾತ್ರಿ 9.40ಕ್ಕೆ ಅಡುಗೆ ಅಕ್ಕನ ಫೋನ್. "ಸಾರ್, ಮೇಡಂ ಹುಡುಗ್ಯಾರನ್ನ ಒಳಗ ಹಾಕಿ ಬೀಗ ಜಡಿದಾರೆ. ಕೀಲಿ ಕೇಳಿದ್ರೆ ಕೊಡವಲ್ರು."

ನಿಟ್ಟುವಳ್ಳಿಯಿಂದ ಸ್ಕೂಟರ್ ಹೊಡೆದೆ. ಹೇಳೋಕೆ ನಾಚಿಕೆ ಆಗುತ್ತೆ, ಹದಡಿ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ನಾನು ಮೊದಲು ಫೋನ್ ಮಾಡಿದ್ದು ನಮ್ಮ ಕ್ಲರ್ಕ್‌ಗೆ: "ಮೇಡಂದು ಪೊಲೀಸ್ ಸರ್ಟಿಫಿಕೇಟ್ ಫೈಲಲ್ಲಿ ಇದೆ ಅಲ್ವೇನೋ?" ಒಳಗಿದ್ದವು 38 ಮಕ್ಕಳು. ಅದರಲ್ಲೊಂದಕ್ಕೆ ಸಂಜೆಯಿಂದ ಜ್ವರ.

ಮೇಡಂ ಮೆಟ್ಟಿಲ ಮೇಲೆ ಕೂತಿದ್ದರು, ಕೀಲಿ ಗೊಂಚಲನ್ನ ಎದೆಗೆ ಅವಚಿಕೊಂಡು. ಬಾಗಿಲ ಹಿಂದೆ ಮಕ್ಕಳು ದಬದಬ ಬಡಿಯುತ್ತಿದ್ದವು. ಕೈ ಚಾಚಿದೆ, ಸುಮ್ಮನೆ ಕೊಟ್ಟುಬಿಟ್ಟರು. ಗೊಂಚಲಲ್ಲಿ ಹದಿನಾಲ್ಕು ಕೀಲಿ, ಒಂದಕ್ಕೂ ಚೀಟಿ ಇಲ್ಲ. ನನ್ನ ಕೈ ನಡುಗುತ್ತಿತ್ತು. ಒಂದು ಕೂರಲಿಲ್ಲ, ಇನ್ನೊಂದು ಕೂತರೂ ತಿರುಗಲಿಲ್ಲ. ಆಗ ಹೊಳೆಯಿತು, ಈಗೇನಾದರೂ ವೈರ್ ಸುಟ್ಟು ಬೆಂಕಿ ಹತ್ತಿದರೆ? ಒಂಬತ್ತನೆಯದಕ್ಕೆ ತೆರೆಯಿತು. ಮಕ್ಕಳು ನನ್ನನ್ನು ದಾಟಿ ಸೀದಾ ಮೇಡಂ ಹತ್ತಿರ ಓಡಿದವು. ಅದನ್ನು ನಾನು ಅಂದುಕೊಂಡೇ ಇರಲಿಲ್ಲ.

"ಹುಡುಗ್ಯಾರಿಂದ ದೂರ ಇರಬೇಕಿತ್ತು ಸಾರ್. ಇಲ್ಲಾಂದ್ರೆ ಹೊಡೆದುಬಿಡ್ತಿದ್ದೆ" ಅಂದರು ಮೇಡಂ. ಹಾಜರಿ ಪುಸ್ತಕ ತೆಗೆದು ನೋಡಿದರೆ ಸತತ 22 ರಾತ್ರಿ ಅವರೊಬ್ಬರದ್ದೇ ಸಹಿ. ದಿನಾ ಅದರ ಕೆಳಗೆ ಪರಿಶೀಲಿಸಿದೆ ಅಂತ ಗೀಚಿದ್ದು ನಾನು.

ಮರುದಿನ ಪಾಲಕರಿಗೆಲ್ಲ ನಾನೇ ಫೋನ್ ಮಾಡಿ ಹೇಳಿದೆ, ಬೈಸಿಕೊಂಡೆ. ಜಗಳೂರಿನ ಒಬ್ಬ ತಂದೆ ಬಂದು ಮಗಳನ್ನ ಕರಕೊಂಡೇ ಹೋದರು. ಮಂಡಳಿಯವರ ಉಪಾಯ ಎರಡು: ಮೇಡಂನ ತೆಗೆಯೋದು, ಸಿಸಿಟಿವಿ ಹಾಕೋದು. ಕ್ಯಾಮೆರಾಕ್ಕೆ ದುಡ್ಡು ಮೂರೇ ದಿನದಲ್ಲಿ ಹುಟ್ಟಿತು! ಮೇಡಂನ ಹಳೇ ಕೆಲಸದ ಕಡೆಯವರು ಫೋನಲ್ಲಿ ಹೇಳಿದ್ದ ಮಾತನ್ನ, ಫಾರ್ಮಿಗೆ ಹತ್ತದೇ ಉಳಿದಿದ್ದನ್ನ, ನಾನು ಮೀಟಿಂಗ್‌ನಲ್ಲಿ ಎದ್ದು ಹೇಳಿದೆ. ತಪ್ಪು ನನ್ನದು ಅಂತಲೂ ಬರೆದುಕೊಟ್ಟೆ. ಕೊನೆಗೆ ಮೇಡಂಗೆ ಹದಿನೈದು ದಿನ ರಜೆ ಸಿಕ್ಕಿತು, ರಾತ್ರಿಗೆ ಇನ್ನೊಬ್ಬ ಹೆಂಗಸು ಬಂದರು. ಮಲಗುವ ಕೋಣೆಯ ಹೊರಚಿಲಕವನ್ನು ವೆಲ್ಡಿಂಗ್‌ನವನ ಕೈಲಿ ಕೀಳಿಸಿದೆ.

ಈಗ ಹಳೇ ಮಾಲೀಕರಿಗೆ ಫೋನ್ ಮಾಡಿದಾಗ "ಹೇಗೆ" ಅಂತ ಕೇಳೋದು ಬಿಟ್ಟಿದ್ದೀನಿ. "ಇವರಿಗೆ ಯಾವಾಗ ಕಷ್ಟ ಆಗುತ್ತೆ, ಆಗ ನೀವೇನು ಮಾಡ್ತಿದ್ರಿ" ಅಂತ ಕೇಳ್ತೀನಿ. ಉತ್ತರ ಬರೆಯೋಕೆ ಫಾರ್ಮಿನಲ್ಲಿ ಜಾಗ ಇಲ್ಲ. ಹೊಸದು ಪ್ರಿಂಟ್ ಹಾಕ್ಸಿ ಅಂದರೆ, ಹಳೇವು ಇನ್ನೂ 200 ಅದಾವಲ್ರೀ ಅಂತಾರೆ. ಅವು ಮುಗಿಯೋವರೆಗೆ ಹಿಂಬದಿಯಲ್ಲಿ ಪೆನ್ನಿನಿಂದಲೇ ಗೆರೆ ಹೊಡೀತಿದ್ದೀನಿ.