ಹಿತ್ತಲ ಪಪ್ಪಾಯಿ, ಸೈಗಾನಿನ ಸಿನಿಮಾ

ಹೊರದೇಶದ ಸಿನಿಮಾ ನೋಡಿ, ಅದೇ ರಾತ್ರಿ ಆ ದೇಶದ ಅಡುಗೆ ಮಾಡಿ ಉಣ್ಣುವ ಅಭ್ಯಾಸ ನಮ್ಮ ಮನೆಯಲ್ಲಿದೆ. ಹೇಳಿದರೆ ಎಲ್ಲರೂ ಮೊದಲು ಕೇಳುವುದು, ದಾವಣಗೆರೆಯಲ್ಲಿ ಅದಕ್ಕೆಲ್ಲ ಸಾಮಾನು ಎಲ್ಲಿ ಸಿಗುತ್ತೆ ಅಂತ. ಸಿಗುತ್ತದೆ, ಸಿನಿಮಾ ಸರಿಯಾಗಿ ಆರಿಸಿಕೊಂಡರೆ. ಜಪಾನಿನ ‘ಟಾಂಪೊಪೊ’ (1985) ನನಗೆ ತುಂಬಾ ಇಷ್ಟ. ಒಬ್ಬ ಹೆಂಗಸು ಒಳ್ಳೆ ರಾಮೆನ್, ಅಂದರೆ ಸಾರಿನಲ್ಲಿ ಹಾಕಿದ ನೂಡಲ್ಸ್, ಮಾಡಲು ಕಲಿಯುವ ಕಥೆ ಅದು. ಆದರೆ ಆ ಸಾರಿಗೆ ಮೂಳೆ ಕುದಿಸಬೇಕು, ನಮ್ಮದು ಸಸ್ಯಾಹಾರಿ ಮನೆ. ಆಂಗ್ ಲೀ ಅವರ ‘ಈಟ್ ಡ್ರಿಂಕ್ ಮ್ಯಾನ್ ವುಮನ್’ (1994) ಕೂಡ ಅಷ್ಟೇ, ತೈಪೆಯ ಆ ಬಾಣಸಿಗ ಪ್ರತಿ ಭಾನುವಾರ ಮೂವರು ಹೆಣ್ಣುಮಕ್ಕಳಿಗೆ ಬಡಿಸುವ ಊಟವನ್ನು ಕಣ್ಣಲ್ಲೇ ಉಣ್ಣಬೇಕು.

ನನ್ನ ಕೇಳಿದರೆ ವಿಯೆಟ್ನಾಮಿನ ‘ದಿ ಸೆಂಟ್ ಆಫ್ ಗ್ರೀನ್ ಪಪಾಯ’ (1993) ಇಂದಲೇ ಶುರು ಮಾಡಿ. ನಮ್ಮೂರಲ್ಲಿ ಹಿತ್ತಲಿದ್ದ ಕಡೆಯೆಲ್ಲ ಒಂದು ಪಪ್ಪಾಯಿ ಗಿಡ ಇದ್ದೇ ಇರುತ್ತದೆ, ಅಲ್ವಾ? ಹಣ್ಣಾಗಲಿ ಅಂತ ಕಾಯುತ್ತೇವೆ, ಅಷ್ಟರಲ್ಲಿ ಹಕ್ಕಿ ತಿಂದು ಹೋಗುತ್ತದೆ. ಅಲ್ಲಿಯವರು ಕಾಯಿಯನ್ನೇ ಕಿತ್ತು ಹಸಿಯಾಗಿ ತಿನ್ನುತ್ತಾರೆ.

ಕಥೆ 1951ರ ಸೈಗಾನ್‌ನಲ್ಲಿ ಶುರುವಾಗುತ್ತದೆ. ಮುಯಿ ಅನ್ನುವ ಚಿಕ್ಕ ಹುಡುಗಿ ಒಂದು ಮನೆಗೆ ಕೆಲಸಕ್ಕೆ ಬರುತ್ತಾಳೆ. ಆ ಮನೆಯ ಯಜಮಾನ ಆಗಾಗ ದುಡ್ಡು ಎತ್ತಿಕೊಂಡು ಹೋಗಿಬಿಡುತ್ತಾನೆ, ಹೆಂಡತಿ ಬಟ್ಟೆ ಅಂಗಡಿ ನಡೆಸಿ ಸಂಸಾರ ತೂಗಿಸುತ್ತಾಳೆ. ನಿರ್ದೇಶಕ ಟ್ರಾನ್ ಆನ್ ಹಂಗ್ ಹುಟ್ಟಿದ್ದು ವಿಯೆಟ್ನಾಂನಲ್ಲಿ, ಬೆಳೆದಿದ್ದು ಫ್ರಾನ್ಸ್‌ನಲ್ಲಿ. ಆ ಮನೆ, ಅಂಗಳ, ಗಿಡ, ಕಪ್ಪೆ, ಮಳೆ ಎಲ್ಲವನ್ನೂ ಅವರು ಫ್ರಾನ್ಸ್‌ನ ಸ್ಟುಡಿಯೋ ಒಳಗೇ ಕಟ್ಟಿದರು ಅಂದರೆ ನಂಬುವುದು ಕಷ್ಟ. ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಇದಕ್ಕೆ ಸಿಕ್ಕಿತು, ಆಸ್ಕರ್‌ಗೂ ನಾಮನಿರ್ದೇಶನ ಆಗಿತ್ತು.

ಪ್ರಶಸ್ತಿಗಿಂತ ನನಗೆ ಮುಖ್ಯ ಅನ್ನಿಸುವುದು, ಈ ಸಿನಿಮಾದಲ್ಲಿ ಮಾತು ಬಹಳ ಕಡಿಮೆ. ನಮ್ಮ ಅತ್ತೆಗೆ ಇಂಗ್ಲಿಷ್ ಅಕ್ಷರ ಓದಲು ಬರುವುದಿಲ್ಲ, ಹಾಗಾಗಿ ಬೇರೆ ಸಿನಿಮಾ ಹಾಕಿದರೆ ನಾನು ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಲೇ ಇರಬೇಕು, ಅವರಿಗೂ ಸಾಕಾಗಿ ಎದ್ದು ಹೋಗುತ್ತಾರೆ. ಇದಕ್ಕೆ ನಾನು ಬಾಯಿ ಬಿಡಬೇಕಾಗಿಯೇ ಬರಲಿಲ್ಲ. ಹಳೇ ಕೆಲಸದಾಕೆ ಮುಯಿಗೆ ಒಲೆ ಹಚ್ಚುವುದು, ಸೊಪ್ಪು ತರಕಾರಿ ಹುರಿಯುವುದು, ಬಡಿಸುವುದು ಎಲ್ಲ ಹೇಳಿಕೊಡುತ್ತಾಳಲ್ಲ, ಅತ್ತೆ ಟಿವಿ ಕಡೆಗೆ ಬಗ್ಗಿ ಕೂತುಬಿಟ್ಟರು. "ಅವರೂ ನಮ್ಮಂಗ ಕುಕ್ಕರಗಾಲಲ್ಲಿ ಕೂತು ಹೆಚ್ತಾರ ನೋಡವ್ವ" ಅಂದರು. ಮನೆಯ ಕಿರಿ ಮಗ ಮುಯಿಗೆ ಕಾಟ ಕೊಡುವಾಗ, "ಎರಡು ಬಿಡಬೇಕಿತ್ತು ಅವನಿಗೆ" ಅಂತ ನಿಜವಾಗಲೂ ಸಿಟ್ಟಾದರು. ಮನೆಯ ಹಿರಿಯರನ್ನೂ ಕೂರಿಸಿಕೊಂಡು ನೋಡುವುದಾದರೆ ಇಂಥ ಸಿನಿಮಾನೇ ಬೇಕು. ಬರೀ ನಾವು ನಾವೇ ನೋಡಿ, ಅವರನ್ನು ಊಟಕ್ಕೆ ಮಾತ್ರ ಕರೆದರೆ ಏನು ಚೆನ್ನ?

ಇನ್ನು ಅಡುಗೆ. ಮುಖ್ಯವಾಗಿ ಮಾಡುವುದು ಪಪ್ಪಾಯಿ ಕಾಯಿಯ ಸಲಾಡ್, ನಮ್ಮ ಕೋಸಂಬರಿ ಇದ್ದಂಗೆ. ಉಳಿದದ್ದೆಲ್ಲ ಮೊದಲೇ ಮಾಡಿಟ್ಟುಕೊಳ್ಳಿ, ಪಪ್ಪಾಯಿ ಮಾತ್ರ ಸಿನಿಮಾ ಮುಗಿದ ಮೇಲೆ ಹೆಚ್ಚಿ. ಯಾಕೆಂದರೆ ಹೆಚ್ಚುವ ರೀತಿಯನ್ನು ಸಿನಿಮಾನೇ ತೋರಿಸಿಕೊಡುತ್ತದೆ. ಸಿಪ್ಪೆ ತೆಗೆದ ಇಡೀ ಕಾಯನ್ನು ಒಂದು ಕೈಯಲ್ಲಿ ಹಿಡಿದು, ಭಾರದ ಚಾಕುವಿನಿಂದ ಉದ್ದುದ್ದಕ್ಕೆ ಟಕಟಕ ಅಂತ ಒತ್ತೊತ್ತಾಗಿ ಗೀರು ಹಾಕಬೇಕು. ಆಮೇಲೆ ಚಾಕು ಅಡ್ಡ ಹಿಡಿದು ಮೇಲಿಂದ ಕೆಳಕ್ಕೆ ತೆಳ್ಳಗೆ ಸವರಿದರೆ ದಾರದಂತೆ ಎಳೆ ಎಳೆಯಾಗಿ ತಟ್ಟೆಗೆ ಬೀಳುತ್ತದೆ. ಕಾಯಿ ತಿರುಗಿಸುತ್ತಾ ಹೋಗಿ, ಬೀಜ ಬಂದಾಗ ನಿಲ್ಲಿಸಿ. ಎಳೇ ಕಾಯಿಯಾದರೆ ಬೀಜ ಮುತ್ತಿನಷ್ಟು ಬೆಳ್ಳಗಿರುತ್ತದೆ. ಸಿನಿಮಾದಲ್ಲಿ ಮುಯಿ ಆ ಬೀಜವನ್ನು ನೋಡುತ್ತಾ ಸುಮ್ನೆ ಕೂರುವುದನ್ನು ನೋಡಿದ ಮೇಲೆ ನೀವೂ ಒಂದು ಗಳಿಗೆ ಕೂರುತ್ತೀರಿ. ಚಾಕು ಕೈಗೆ ಹತ್ತಿರವೇ ಬರುತ್ತದೆ, ಹುಷಾರು, ಮಕ್ಕಳಿಗಾದರೆ ತುರಿಯುವ ಮಣೆ ಕೊಡಿ. ಕಾಯಿ ಕಿತ್ತಾಗ ತೊಟ್ಟಿನಿಂದ ಹಾಲಿನಂಥ ಸೊನೆ ಸುರಿಯುತ್ತದೆ, ಅದು ಚರ್ಮ ಕಡಿಯುತ್ತದೆ. ಅದಕ್ಕೇ ಕೈಗೆ ಎಣ್ಣೆ ಸವರಿಕೊಂಡು ಕೂರಬೇಕು. ಮನೆಯಲ್ಲಿ ಬಸುರಿ ಇದ್ದರೆ ಪಪ್ಪಾಯಿ ಕಾಯಿ ಬೇಡ, ಅವರಿಗೆ ಸೌತೆಕಾಯಿಯಲ್ಲಿ ಮಾಡಿಕೊಡಿ.

ಹೆಚ್ಚಿದ್ದಕ್ಕೆ ಚೂರು ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ. ಕ್ಯಾರೆಟ್ ತುರಿ, ಪುದೀನ, ಕೊತ್ತಂಬರಿ ಧಾರಾಳವಾಗಿ ಸೇರಿಸಿ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿ, ನಿಂಬೆರಸ, ಸಕ್ಕರೆ, ನೀರು ಬೆರೆಸಿ ಮೇಲೆ ಸುರಿಯಿರಿ. ಅಲ್ಲಿ ಇದಕ್ಕೆ ಮೀನಿನ ಸಾಸ್ ಹಾಕುತ್ತಾರೆ, ನಾವು ಒಂದು ಚಮಚ ಸೋಯಾ ಸಾಸ್ ಹಾಕುತ್ತೇವೆ. ಇದೇನೂ ನಾವು ಕಟ್ಟಿದ್ದಲ್ಲ. ವಿಯೆಟ್ನಾಮಿನ ಬೌದ್ಧರಲ್ಲಿ ಎಷ್ಟೋ ಜನ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಮೀನು ಮಾಂಸ ಮುಟ್ಟುವುದಿಲ್ಲ, ಅವತ್ತು ಅವರ ಮನೆಯಲ್ಲೂ ಸೋಯಾ ಸಾಸೇ. ಅಮಾವಾಸ್ಯೆ ತಪ್ಪದೆ ಮಾಡುವ ಅತ್ತೆಗೆ ಇದು ಕೇಳಿ ಎಷ್ಟು ಖುಷಿಯಾಯಿತು ಅಂದರೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು.

ಕೊನೆಗೆ ಶೇಂಗಾ. ಇದರಲ್ಲಿ ಮಾತ್ರ ಕಂಜೂಸಿ ಮಾಡಬೇಡಿ. ಚಳ್ಳಕೆರೆ ಕಡೆಯ ಶೇಂಗಾ ತಂದು ಸಣ್ಣ ಉರಿಯಲ್ಲಿ ಹುರಿದು, ಕೈಯಲ್ಲಿ ಉಜ್ಜಿ ಸಿಪ್ಪೆ ಊದಿ, ದಪ್ಪದಪ್ಪಗೆ ಕುಟ್ಟಿ, ಬಡಿಸುವ ಹೊತ್ತಿಗೇ ಮೇಲೆ ಉದುರಿಸಿ. ಮೊದಲೇ ಹಾಕಿದರೆ ಮೆತ್ತಗಾಗುತ್ತದೆ.

ಜೊತೆಗೆ ಅಕ್ಕಿ ಶ್ಯಾವಿಗೆ, ಹುರಿದ ಪನೀರ್ ಇದ್ದರೆ ಊಟ ಆಯಿತು. ಸಿಹಿಗೆ ಹೆಸರುಬೇಳೆ, ತೆಂಗಿನ ಹಾಲು. ಅವರ ‘ಚೆ’ ಅನ್ನುವ ಸಿಹಿಯಲ್ಲಿ ಇದೂ ಒಂದು ಬಗೆ, ನಮ್ಮ ಪಾಯಸಕ್ಕೆ ಬಹಳ ಹತ್ತಿರ.

ಮುಂದಿನ ಸಲಕ್ಕೆ ಇದೇ ನಿರ್ದೇಶಕರ ‘ದಿ ಟೇಸ್ಟ್ ಆಫ್ ಥಿಂಗ್ಸ್’ (2023) ಹಾಕೋಣ ಅಂದುಕೊಂಡಿದ್ದೆ, ಅದರ ತುಂಬಾ ಅಡುಗೆಮನೆಯೇ. ಆದರೆ ಫ್ರೆಂಚ್ ಅಡುಗೆ, ಮಾಂಸವೇ ಜಾಸ್ತಿ. ಬದಲಿಗೆ ಇರಾನ್ ಕಡೆ ಹೋಗುವ ಮನಸ್ಸಾಗಿದೆ. ಅಲ್ಲಿ ಅನ್ನದ ತಳವನ್ನು ಬೇಕಂತಲೇ ಗರಿಗರಿ ಮಾಡಿ, ತಹದೀಗ್ ಅಂತ ಪ್ರೀತಿಯಿಂದ ಬಡಿಸುತ್ತಾರೆ. ಪಾತ್ರೆ ಕೆರೆದು ತಿನ್ನುವವರ ಮನೆ ನಮ್ಮದು. ಮಾತು ಕಡಿಮೆ ಇರುವ, ಅತ್ತೆಯೂ ಕೂತು ನೋಡಬಹುದಾದ ಇರಾನಿ ಸಿನಿಮಾ ಗೊತ್ತಿದ್ದರೆ ಹೇಳಿ.