ಮೂಗಿನ ಮೇಲಿನ ಚುಕ್ಕೆ, ಅದರ ಕೆಳಗಿನ ಬೇರು

ಹೊಳ್ಳೆಯ ಪಕ್ಕದಲ್ಲಿ ಗುಂಡುಪಿನ್ನಿನ ತಲೆಯಷ್ಟು ಒಂದು ಗುಳ್ಳೆ ಇತ್ತು. ನೋವಿಲ್ಲ, ತುರಿಕೆ ಇಲ್ಲ. ಮುಖ ಒರೆಸಿದಾಗ ಟವಲಿಗೆ ಒಂದು ಹನಿ ರಕ್ತ ಹತ್ತುತ್ತಿತ್ತು, ಆಮೇಲೆ ಹಕ್ಕಳೆ ಕಟ್ಟುತ್ತಿತ್ತು, ಅದು ಉದುರಿ ಇನ್ನೇನು ವಾಸಿಯಾಯ್ತು ಅನ್ನುವಷ್ಟರಲ್ಲಿ ಮತ್ತೆ ಅದೇ ಕತೆ. ಹೀಗೇ ಎಂಟು ತಿಂಗಳು ಕಳೆದವು. ಕೊನೆಗೆ ಬಯಾಪ್ಸಿ ಮಾಡಿಸಿದಾಗ ಬಂದ ಹೆಸರು ಬೇಸಲ್ ಸೆಲ್ ಕಾರ್ಸಿನೋಮಾ. ಚರ್ಮದ ಕ್ಯಾನ್ಸರ್‌ಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ದೇಹದ ಬೇರೆ ಕಡೆ ಹರಡುವುದು ತೀರಾ ಅಪರೂಪ. ಆದರೆ ಬಿಟ್ಟರೆ ಇದ್ದ ಜಾಗವನ್ನೇ ಮೆಲ್ಲಗೆ ತಿನ್ನುತ್ತಾ ಒಳಗೆ ಇಳಿಯುತ್ತದೆ, ಅದೂ ಮೂಗಿನ ಹತ್ತಿರ.

ಆಪರೇಷನ್ ದಿನ ಬೆಳಿಗ್ಗೆ ಒಬ್ಬ ಸಂಶೋಧಕಿ ಬಂದು ಪಕ್ಕದಲ್ಲಿ ಕೂತರು. ಚರ್ಮವನ್ನು ಕತ್ತರಿಸದೆ, ಲೇಸರ್ ಬೆಳಕಿನಿಂದ ಒಳಗಿನ ಜೀವಕೋಶಗಳನ್ನು ನೋಡುವ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಬಗ್ಗೆ ಅವರ ಅಧ್ಯಯನ. ಗೆಡ್ಡೆ ಎಲ್ಲಿಯವರೆಗೆ ಇದೆ ಅಂತ ಯಂತ್ರ ಹೇಳುವುದಕ್ಕೂ ಆಪರೇಷನ್ನಿನಲ್ಲಿ ನಿಜವಾಗಿ ಸಿಗುವುದಕ್ಕೂ ಎಷ್ಟು ತಾಳೆಯಾಗುತ್ತದೆ ಅಂತ ನೋಡಬೇಕಿತ್ತು. ಅವರು ನೇರವಾಗಿ ಹೇಳಿದರು: ಇದರಿಂದ ನಿಮಗೆ ಯಾವ ಲಾಭವೂ ಇಲ್ಲ, ನಾವು ನೋಡಿದ್ದನ್ನು ನಿಮ್ಮ ಸರ್ಜನ್‌ಗೆ ತೋರಿಸುವುದಿಲ್ಲ, ಬೇಡ ಅನಿಸಿದರೆ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ತೋರಿಸುವುದಿಲ್ಲ ಅಂದಾಗ ಮೊದಲು ಬೇಜಾರಾಯ್ತು. ಆಮೇಲೆ ಅರ್ಥವಾಯ್ತು. ಮೊದಲೇ ಉತ್ತರ ನೋಡಿಬಿಟ್ಟರೆ ಸರ್ಜನ್‌ರ ಕೈ ಆ ಕಡೆಗೇ ವಾಲುತ್ತದೆ, ಆಗ ಪರೀಕ್ಷೆ ಪರೀಕ್ಷೆಯೇ ಅಲ್ಲ, ಅಲ್ವಾ? ಸಹಿ ಹಾಕಿದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ, ಇದು ಕೆಲಸ ಮಾಡಿದರೆ ಮುಂದೆ ಯಾರಿಗೋ ಬಯಾಪ್ಸಿಯ ಒಂದು ಗಾಯ ಕಮ್ಮಿಯಾಗುತ್ತದೆ.

ಮೂಗಿನ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಪೆನ್ ಟಾರ್ಚಿನಂಥ ಮೂತಿಯನ್ನು ಮೆತ್ತಗೆ ಒತ್ತಿದರು. ಉಸಿರಾಡಿದರೂ ಚಿತ್ರ ಅಲುಗುತ್ತದೆ, ಒಂಚೂರು ತಡೆದುಕೊಳ್ಳಿ ಅಂದರು. ಪರದೆಯಲ್ಲಿ ಕಪ್ಪು ಬಿಳುಪಿನಲ್ಲಿ ಜೇನುಗೂಡಿನ ಹಾಗೆ ಒಂದು ಬಲೆ ಕಂಡಿತು, ಅದು ನನ್ನದೇ ಮೇಲ್ಚರ್ಮದ ಕೋಶಗಳು. ಇನ್ನೂ ಕೆಳಗೆ ಇಳಿದಾಗ ಬಲೆ ಕೆದರಿಹೋಗಿ, ಒತ್ತಾಗಿ ಸೇರಿಕೊಂಡ ದ್ವೀಪಗಳು ಬಂದವು, ಅವುಗಳ ಸುತ್ತ ತೆಳುವಾದ ಕಪ್ಪು ಸಂದು. ಅದೇ ಗೆಡ್ಡೆ. ಪಕ್ಕದಲ್ಲೇ ಒಂದು ಸೊಟ್ಟ ರಕ್ತನಾಳ, ಅದರೊಳಗೆ ಹೊಳೆಯುವ ಚುಕ್ಕೆಗಳು ಒಂದರ ಹಿಂದೆ ಒಂದು ಉರುಳಿಕೊಂಡು ಹೋಗುತ್ತಿದ್ದವು. ಆ ಕ್ಷಣದ ರಕ್ತ ಅದು, ನನ್ನ ಮೂಗಿನೊಳಗೆ ಹರಿಯುತ್ತಿದ್ದದ್ದು. ಉಸಿರು ತಡೆದುಕೊಳ್ಳಿ ಅಂತ ಆಮೇಲೆ ಅವರು ಹೇಳಬೇಕಾಗಲಿಲ್ಲ.

ಎಷ್ಟು ಆಳ ಕಾಣುತ್ತದೆ ಅಂತ ಕೇಳಿದೆ. ಸುಮಾರು ಕಾಲು ಮಿಲಿಮೀಟರ್, ಅಷ್ಟೇ. ಅದಕ್ಕಿಂತ ಕೆಳಗೆ ಬೆಳಕು ಚದುರಿಹೋಗುತ್ತದೆ. ಹಾಗಾಗಿ ಬೇರು ಎಲ್ಲಿಗೆ ಇಳಿದಿದೆ ಅಂತ ತಿಳಿಯಲು ಕೊನೆಗೂ ಚಾಕುವೇ ಬೇಕು.

ಆಪರೇಷನ್ ಮೋಹ್ಸ್ ಪದ್ಧತಿಯದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡ್ರಿಕ್ ಮೋಹ್ಸ್ ಅನ್ನುವ ವೈದ್ಯರು 1930ರ ದಶಕದಲ್ಲಿ ಶುರು ಮಾಡಿದ್ದು. ಆಗ ಜಿಂಕ್ ಕ್ಲೋರೈಡ್ ಲೇಪ ಹಚ್ಚಿ ದಿನಗಟ್ಟಲೆ ಕಾಯಬೇಕಿತ್ತು, ಈಗ ತುಂಡನ್ನು ಕೂಡಲೇ ಹೆಪ್ಪುಗಟ್ಟಿಸಿ ನೋಡುತ್ತಾರೆ. ಮಾಮೂಲಿ ಲ್ಯಾಬಿನಲ್ಲಿ ತುಂಡನ್ನು ಬ್ರೆಡ್ಡಿನ ಹಾಗೆ ಅಡ್ಡಕ್ಕೆ ಹೋಳು ಮಾಡುತ್ತಾರೆ, ಅದರಲ್ಲಿ ಕೆಲವೇ ಹೋಳು ನೋಡುವುದರಿಂದ ನಿಜವಾಗಿ ಕಣ್ಣಿಗೆ ಬೀಳುವುದು ಅಂಚಿನ ನೂರರಲ್ಲಿ ಒಂದು ಪಾಲೂ ಅಲ್ಲ. ಮೋಹ್ಸ್‌ನಲ್ಲಿ ಬಟ್ಟಲಿನ ಹಾಗೆ ಓರೆಯಾಗಿ ಕತ್ತರಿಸಿ, ಅದರ ಬದಿ ಮತ್ತು ತಳ ಎರಡನ್ನೂ ಒಂದೇ ಮಟ್ಟಕ್ಕೆ ಚಪ್ಪಟೆ ಮಾಡಿ, ಪೂರ್ತಿ ಅಂಚನ್ನು ನೋಡುತ್ತಾರೆ. ಅಂಚಿನಲ್ಲಿ ಗೆಡ್ಡೆ ಕಂಡರೆ ಆ ಕಡೆ ಚರ್ಮದಲ್ಲಿ ಇನ್ನೂ ಉಳಿದಿದೆ ಅಂತ ಅರ್ಥ. ಇದನ್ನು ಕಂಡುಹಿಡಿದವರ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ಅರಿವಳಿಕೆಯ ಇಂಜೆಕ್ಷನ್ ಚುರ್ರೆಂದಿತು. ಆಮೇಲೆ ಎಳೆದ ಹಾಗೆ ಅನಿಸಿತೇ ಹೊರತು ನೋವಿಲ್ಲ. ರಕ್ತ ನಿಲ್ಲಿಸಲು ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂತು. ತುಂಡಿನ ಒಂದು ಬದಿಗೆ ನೀಲಿ ಶಾಯಿ, ಇನ್ನೊಂದಕ್ಕೆ ಕೆಂಪು ಹಚ್ಚಿ, ಕಾಗದದ ಮೇಲೆ ನನ್ನ ಮೂಗಿನ ನಕ್ಷೆ ಬರೆದುಕೊಂಡರು. ಬ್ಯಾಂಡೇಜ್ ಹಾಕಿ ಹೊರಗೆ ಕೂರಿಸಿದರು. ಒಂದು ಗಂಟೆಯ ಮೇಲಾಯ್ತು. ಕಾಯುವುದೇ ಅವತ್ತಿನ ದೊಡ್ಡ ಕಷ್ಟ. ಬಾಗಿಲು ತೆರೆದಾಗಲೆಲ್ಲ ಎದೆ ಧಸಕ್ ಅನ್ನುತ್ತಿತ್ತು.

ನೀಲಿ ಬದಿಯಲ್ಲಿ ಇನ್ನೂ ಉಳಿದಿದೆ ಅಂದರು.

ಎರಡನೇ ಪದರ ತೆಗೆಯುವ ಮೊದಲು ಸರ್ಜನ್ ಮೈಕ್ರೋಸ್ಕೋಪಿನ ಹತ್ತಿರ ಕರೆದು ತೋರಿಸಿದರು. ಗುಲಾಬಿ ಬಣ್ಣದ ನಡುವೆ ಗಾಢ ನೇರಳೆಯ ಒಂದು ಪುಟ್ಟ ಗುಂಪು, ಅದರ ಅಂಚಿನಲ್ಲಿ ಕೋಶಗಳು ಬೇಲಿ ಗೂಟದ ಹಾಗೆ ಸಾಲಾಗಿ ನಿಂತಿದ್ದವು. ಹೊರಗಿನಿಂದ ನೋಡಿದರೆ ಆ ಜಾಗದ ಚರ್ಮ ಪೂರ್ತಿ ಚೆನ್ನಾಗಿತ್ತು. ಕನ್ನಡಿಯಲ್ಲಿ ಎಂಟು ತಿಂಗಳು ನಾನು ನೋಡಿದ್ದು ಗುಳ್ಳೆಯನ್ನು ಮಾತ್ರ. ಈಗ ಆ ಕಡೆ ಮಾತ್ರ ತೆಳುವಾಗಿ ತೆಗೆದರು, ಉಳಿದ ಬದಿಗಳನ್ನು ಮುಟ್ಟಲಿಲ್ಲ. ಮತ್ತೆ ಒಂದು ಗಂಟೆ. ಈ ಸಲ ಎಲ್ಲ ಅಂಚೂ ಸ್ವಚ್ಛ. ಪಕ್ಕದ ಚರ್ಮ ಎಳೆದು ಹೊಲಿದರು.

ಹೊರಡುವಾಗ ಸಂಶೋಧಕಿ ಸಿಕ್ಕರು. ನೀಲಿ ಬದಿಯಲ್ಲಿ ಇದ್ದದ್ದು ನಿಮ್ಮ ಯಂತ್ರಕ್ಕೆ ಬೆಳಿಗ್ಗೆಯೇ ಕಂಡಿತ್ತಾ ಅಂತ ತಡೆಯಲಾರದೆ ಕೇಳಿದೆ. ಕೊನೆಯ ರೋಗಿಯ ಸ್ಕ್ಯಾನ್ ಮುಗಿಯುವವರೆಗೆ ಎರಡನ್ನೂ ಹೋಲಿಸಿ ನೋಡುವ ಹಾಗಿಲ್ಲ ಅಂದರು. ನನ್ನ ಚಿತ್ರಕ್ಕೆ ಹೆಸರಿಲ್ಲ, ಒಂದು ನಂಬರ್ ಮಾತ್ರ.

ಬೆಂಚಿನ ಮೇಲೆ ಮುಂದಿನ ನಂಬರಿನವರು ಕೂತಿದ್ದರು, ಕೈಯಲ್ಲಿ ಅದೇ ಒಪ್ಪಿಗೆ ಪತ್ರ. ನನ್ನ ಬ್ಯಾಂಡೇಜ್ ನೋಡಿ, ನೋವಾಗುತ್ತಾ ಅಂದರು. ಇಂಜೆಕ್ಷನ್ ಒಂದು ಚುರ್ ಅನ್ನುತ್ತೆ ಅಷ್ಟೇ, ಕಾಯೋದು ಜಾಸ್ತಿ ಅಂದೆ. ಆಮೇಲೆ ನೆನಪಾಗಿ ಹಿಂದಿರುಗಿ ಹೇಳಿದೆ, ಸ್ಕ್ಯಾನ್ ಮಾಡುವಾಗ ಪರದೆ ಕಾಣುವ ಹಾಗೆ ಕೂರಿಸಲು ಕೇಳಿ.